ಅಯ್ಯಮ್ಮನ ಹೆಸರಿನಲ್ಲಿ ಮುಗಿದ ತಕರಾರುಗಳು

ಸುರಪುರದ ನೀರಿನ ಆಫೀಸಿನ ಒಳಗೋಡೆಯಲ್ಲಿ ಒಂದು ಕಾಲಕ್ಕೆ ಅರವತ್ತೆರಡು ಮೊಳೆಗಳಿದ್ದವು. ಅಷ್ಟನ್ನೂ ಹೊಡೆದವಳು ಅಯ್ಯಮ್ಮ.

ಸುತ್ತಿನ ಅರವತ್ತೆರಡು ಹಳ್ಳಿ, ಹೊಲಗಳ ನಡುವಿನ ಸಣ್ಣ ದೊಡ್ಡಿಗಳಿಗೆ ಕುಡಿಯುವ ನೀರಿನ ಪೈಪು ನೋಡಿಕೊಳ್ಳುವ ಗುತ್ತಿಗೆ ಕಂಪನಿಯ ಆಫೀಸು ಅದು. ಕಂಪನಿಗೆ ಉದ್ದನೆಯ ಹೆಸರೊಂದು ಬೋರ್ಡಿನ ಮೇಲೆ ಇತ್ತು. ಅದನ್ನು ಪೂರ್ತಿ ಓದಿದವರು ಯಾರೂ ಇರಲಿಲ್ಲ, ನೀರಿನ ಆಫೀಸು ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು. ಅಯ್ಯಮ್ಮನ ಗಂಡ ಮರಿಲಿಂಗ ಅಲ್ಲಿ ವಾಲ್ವ್ ತಿರುಗಿಸುವ ಕೆಲಸದಲ್ಲಿದ್ದ. ಅವನು ತೀರಿಕೊಂಡ ಮೇಲೆ ಅವಳನ್ನು ಕಸ ಹೊಡೆಯುವುದಕ್ಕೆ, ಕುಡಿಯುವ ನೀರು ತುಂಬಿಡುವುದಕ್ಕೆ ಇಟ್ಟುಕೊಂಡರು. ಸಾಹೇಬರು, ಕೆಲಸಗಾರರು ಎಲ್ಲ ಪೈಪಿನ ಹಿಂದೆ ಊರೂರು ತಿರುಗುತ್ತಿದ್ದರು. ತಕರಾರು ಹೇಳಲು ಬಂದವರಿಗೆ ಆಫೀಸಿನಲ್ಲಿ ಸಿಗುತ್ತಿದ್ದ ಮುಖ ಅವಳದೊಂದೇ. ಹೇಳಿಹೋದದ್ದು ಮರೆತು ಹೋಗಬಾರದು ಎಂದು ಅವಳು ಮೊಳೆ ಹೊಡೆದಳು.

ಮೊಳೆಗಳನ್ನು ಹೊಡೆದದ್ದು ಬಸ್ಸು ಹೋಗುವ ದಾರಿಯ ಪ್ರಕಾರ. ಎಡಗಡೆಯ ಸಾಲು ಕಕ್ಕೇರಾ ದಾರಿ, ನಡುವಿನದು ಹುಣಸಗಿ ದಾರಿ, ಬಲಗಡೆಯದು ಶಹಾಪುರ ದಾರಿ. ಬಸ್ಸು ಮೊದಲು ನಿಲ್ಲುವ ಊರಿನ ಮೊಳೆ ಕೆಳಗೆ, ಕೊನೆಗೆ ನಿಲ್ಲುವ ಊರಿನದು ಮೇಲೆ. ಹೀಗಾಗಿ ಊರಿನ ಹೆಸರು ಬರೆಯುವ ಗೊಡವೆ ಇರಲಿಲ್ಲ. ಅವಳು ಶಾಲೆಗೆ ಹೋದದ್ದು ಎರಡನೆಯ ಇಯತ್ತೆಯವರೆಗೆ. ಬಿಡಿ ಅಕ್ಷರ ಬರುತ್ತಿತ್ತು, ಒತ್ತಕ್ಷರ ಬಂದರೆ ನಿಂತು ನಿಂತು ಓದುತ್ತಿದ್ದಳು. ಚೀಟಿಯ ಮೇಲೆ ಅವಳದೇ ಗುರುತುಗಳು: ಗುಂಡಗೆ ಬರೆದು ಅಡ್ಡಗೆರೆ ಎಳೆದರೆ ವಾಲ್ವ್ ಕೆಟ್ಟಿದೆ, ಗೆರೆಯ ಕೆಳಗೆ ಮೂರು ಚುಕ್ಕೆ ಇಟ್ಟರೆ ಪೈಪು ಸೋರುತ್ತಿದೆ, ಬರೀ ಚೌಕ ಎಂದರೆ ನೀರಿನ ಟಾಕಿ ಖಾಲಿ. ಮೂಲೆಯಲ್ಲಿ ಬಂದವರ ಹೆಸರಿನ ಮೊದಲಕ್ಷರ. ಆ ಊರಿನ ಮೊಳೆಗೆ ಚೀಟಿ ಚುಚ್ಚಿದರೆ ಮುಗಿಯಿತು. ಸಂಜೆ ಬಂದ ಕೆಲಸಗಾರರು ಗೋಡೆ ನೋಡಿ ಮರುದಿನ ಯಾವ ದಾರಿ ಹಿಡಿಯಬೇಕೆಂದು ತೀರ್ಮಾನಿಸುತ್ತಿದ್ದರು.

ಕೆಲಸ ಶುರುವಾದ ಮೊದಲ ವರ್ಷ ಒಂದು ತಪ್ಪು ಆಯಿತು. ಹುಣಸಗಿ ದಾರಿಯ ಒಂದು ಊರಿನಲ್ಲಿ ಪೈಪು ಒಡೆದಿತ್ತು. ರಿಪೇರಿ ಆಯಿತು ಎಂದು ಕೆಲಸಗಾರ ಹೇಳಿದ, ಅಯ್ಯಮ್ಮ ಚೀಟಿ ತೆಗೆದಳು. ಆರು ದಿನದ ಮೇಲೆ ಆ ಊರಿನ ಸುಗಲಮ್ಮ ಎಂಬ ಮುದುಕಿ ಬಂದು, ಬಾಗಿಲಲ್ಲೇ ನಿಂತು ಗೋಡೆ ನೋಡಿದಳು. ಬೈಯಲಿಲ್ಲ. "ನನ್ನ ಚೀಟಿ ನೀ ಯಾಕ ತಗದಿ?" ಎಂದಷ್ಟೇ ಕೇಳಿದಳು. ರಿಪೇರಿ ಆದ ಪೈಪು ಅದೇ ರಾತ್ರಿ ಮತ್ತೆ ಒಡೆದಿತ್ತು.

ಅಂದಿನಿಂದ ಅಯ್ಯಮ್ಮ ಒಂದು ರಿವಾಜು ಮಾಡಿದಳು. ಚೀಟಿ ಹಾಕಿಸಿದವರೇ ಬಂದು ಚೀಟಿ ಕೀಳಬೇಕು. ಸಾಹೇಬರು ಹೇಳಿದರೂ ಇಲ್ಲ, ಕೆಲಸಗಾರ ಆಣೆ ಮಾಡಿದರೂ ಇಲ್ಲ. ನೀರು ಬಂದವರು ಸಂತೆಗೋ ಆಸ್ಪತ್ರೆಗೋ ಸುರಪುರಕ್ಕೆ ಬಂದಾಗ ಆಫೀಸಿಗೆ ಹಣಿಕಿ, ತಮ್ಮ ಕೈಯಿಂದ ಚೀಟಿ ಕಿತ್ತು ಡಬ್ಬಿಗೆ ಹಾಕಿ ಹೋಗುತ್ತಿದ್ದರು. ಬರಲಾಗದವರು ಫೋನು ಹಚ್ಚಿ, "ಅಯ್ಯಮ್ಮಕ್ಕ, ಬಂತು ನೋಡವಾ, ಕಿತ್ತು ಹಾಕು," ಎಂದು ತಮ್ಮ ಬಾಯಿಂದ ಹೇಳಿದರೆ ಮಾತ್ರ ಅವಳು ಕೈ ಹಚ್ಚುತ್ತಿದ್ದಳು. ಹದಿನೆಂಟು ವರ್ಷ ಹೀಗೆ ನಡೆಯಿತು. ಅಯ್ಯಮ್ಮ ಮುಗಿದಿದೆ ಎಂದರೆ ಮುಗಿದಿದೆ ಎಂದು ಅರವತ್ತೆರಡು ಊರುಗಳಿಗೂ ಗೊತ್ತಿತ್ತು. ಅವಳ ಹತ್ತಿರ ಇದ್ದ ಆಸ್ತಿ ಅದೊಂದೇ.

ಹೋದ ವರ್ಷ ಯಾದಗಿರಿಯ ದೊಡ್ಡ ಆಫೀಸಿನಿಂದ ಹುಕುಂ ಬಂತು. ಇನ್ನು ಮೇಲೆ ಚೀಟಿ ಇಲ್ಲ, ಎಲ್ಲ ತಕರಾರು ಕಂಪ್ಯೂಟರಿಗೆ. ಅದನ್ನು ಕೂಡಿಸಲು ಬಂದವನು ಪ್ರವೀಣಕುಮಾರ, ಅಯ್ಯಮ್ಮನ ತಂಗಿಯ ಮಗ. ಮುದನಾಳದವನು. ಡಿಪ್ಲೊಮಾ ಓದುವಾಗ ಮೂರು ವರ್ಷ ಅವಳ ಮನೆಯಲ್ಲೇ ಇದ್ದ. ಶಹಾಪುರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟು, ಆಮೇಲೆ ಯಾದಗಿರಿ ಆಫೀಸಿನಲ್ಲಿ ಕೆಲಸ ಹಿಡಿದಿದ್ದ. ಎರಡು ತಿಂಗಳು ಸುರಪುರಕ್ಕೆ ಬಂದು ಅವಳ ಮನೆಯಲ್ಲೇ ಉಳಿದ. ಬಾಗಿಲಿಗೆ ಬಂದ ಕೂಡಲೇ ಅವಳು ಕೇಳುತ್ತಿದ್ದ ಮೊದಲ ಮಾತು, "ಉಂಡ್ಯಾ?" ಅವನು ಉಂಡಿದ್ದರೂ, "ಇಲ್ಲ ದೊಡ್ಡವ್ವ," ಎನ್ನುತ್ತಿದ್ದ.

ಅವನು ಎಲ್ಲವನ್ನೂ ಅವಳಿಗೆ ಬಿಡಿಸಿ ಹೇಳಿದ. ಊರಿನವರು ತಮ್ಮ ಫೋನಿನಿಂದ ಒಂದು ವಿಳಾಸಕ್ಕೆ ಮೇಲ್ ಹಾಕುತ್ತಾರೆ. ಬರೆಯಲು ಬರದಿದ್ದರೆ ಮಕ್ಕಳು ಸೊಸೆಯಂದಿರು ಬರೆಯುತ್ತಾರೆ. ಆ ಮೇಲ್ ಯಾದಗಿರಿಯಲ್ಲಿ ತಾನು ಕೂಡಿಸಿದ ಸರ್ವರಿಗೆ ಬಂದು ಬೀಳುತ್ತದೆ. ಅಲ್ಲಿಂದ ಇನ್ನೊಂದು ಯಂತ್ರ ಅದನ್ನು ಎತ್ತಿಕೊಂಡು ಒಂದು ನಂಬರು ಕೊಡುತ್ತದೆ. ಆ ನಂಬರಿಗೆ ಟಿಕೆಟ್ ಅನ್ನುತ್ತಾರೆ.

"ಅಂದ್ರ ನಿನ್ನ ಸರ್ವರ್ ಅನ್ನೂದು ಟಪಾಲ ಆಫೀಸ್ ಇದ್ದಂಗ," ಎಂದಳು ಅಯ್ಯಮ್ಮ.

"ಹಂಗಾ ತಿಳಕೋ. ಟಪಾಲ ಹೊತ್ತು ತರೂದು ಅದು, ಮೊಳಿಗೆ ಚುಚ್ಚೂದು ಇನ್ನೊಂದು."

"ಮೊಳಿ ಯಾವ ಸಾಲಿನಾಗ ಹೊಡಿಬೇಕು ಅನ್ನೂದು ಅದಕ್ಕ ಯಾರ ಹೇಳ್ತಾರ?"

"ಅದಕ್ಕಾ ನಿನ್ನ ಹಂತ್ಯಾಕ ಬಂದೇನಿ," ಎಂದು ನಕ್ಕ. ಗೋಡೆಯ ಮುಂದೆ ಅವಳನ್ನು ಕೂರಿಸಿಕೊಂಡು, ಅರವತ್ತೆರಡು ಊರುಗಳನ್ನೂ ಅವಳ ಬಾಯಿಂದ ಕೇಳಿ ಬರೆದುಕೊಂಡ. ಯಾವ ಊರಿಗೆ ಯಾವ ಟಾಕಿಯಿಂದ ನೀರು, ಯಾವ ವಾಲ್ವ್ ಕಟ್ಟಿದರೆ ಯಾವ ಓಣಿ ಒಣಗುತ್ತದೆ, ಎಲ್ಲ. ಮೂರು ದಿನ ಹಿಡಿಯಿತು. ಅವಳು ಒಂದನ್ನೂ ತಪ್ಪಿಸಲಿಲ್ಲ.

ಮೊದಮೊದಲು ಅವನ ಸರ್ವರ್ ಕಳಿಸಿದ ಮೇಲ್ ಯಾರಿಗೂ ಮುಟ್ಟುತ್ತಿರಲಿಲ್ಲ. ಎಲ್ಲ ಹೋಗಿ ಕಸದ ಡಬ್ಬಿಗೆ ಬೀಳುತ್ತಿದ್ದವು. ಪ್ರವೀಣ ಅವಳ ಅಡುಗೆಮನೆಯಲ್ಲಿ ತಲೆ ಕೆರೆದುಕೊಳ್ಳುತ್ತ ಕುಳಿತಿದ್ದಾಗ ಅಯ್ಯಮ್ಮ ಯಾಕೆಂದು ಕೇಳಿದಳು.

"ಹೊಸ ಸರ್ವರ್ ಐತಲ್ಲ ದೊಡ್ಡವ್ವ. ಉಳಿದ ಸರ್ವರಗೋಳಿಗೆ ಇದರ ಗುರುತಿಲ್ಲ. ಇದು ಯಾರ ಹೆಸರಿನ್ಯಾಗ ಮಾತಾಡತೈತಿ, ಖರೇನಾ ಅದರ ಹೆಸರಾ ಅಂತ ತಪಾಸ ಮಾಡ್ತಾವು. ಭರೋಸಾ ಬರೂತನಕ ಒಳಗ ಬಿಡಂಗಿಲ್ಲ."

"ಬರಾಕ ಎಷ್ಟ ದಿನ ಬೇಕು?"

"ಸುಳ್ಳ ಕಾಗದ ಒಂದೂ ಹೋಗಬಾರದು. ನಿಧಾನಕ್ಕ ಬರತೈತಿ."

"ನನಗೂ ಹಂಗಾ ಬಂತಪ್ಪ," ಎಂದಳು ಅವಳು. "ಹದಿನೆಂಟ ವರ್ಷ ಹಿಡೀತು."

ಇನ್ನೊಂದು ದಿನ ಮಧ್ಯಾಹ್ನ ಊಟದ ಹೊತ್ತಿಗೆ ಟಿಕೆಟ್ ನಂಬರು ಒಂಬೈನೂರು ದಾಟಿತು. ಬೆಳಿಗ್ಗೆ ಇದ್ದದ್ದು ಇಪ್ಪತ್ತಾರು. ಊರೆಲ್ಲ ಒಣಗಿತೇನೋ ಎಂದು ಪ್ರವೀಣ ಗಾಬರಿಯಾದ. ನೋಡಿದರೆ ಯಾದಗಿರಿಯ ವಿಶ್ವರಾಧ್ಯ ಸಾಹೇಬರು, ಅಂದರೆ ಅವನ ಮೇಲಿನವರು, ಮದುವೆಗೆಂದು ಗುರುಮಠಕಲ್ಲಿಗೆ ಹೋಗಿದ್ದರು. ಯಾರು ಮೇಲ್ ಹಾಕಿದರೂ, "ನಾನು ರಜೆಯಲ್ಲಿದ್ದೇನೆ," ಎಂದು ಮೇಲ್ ಪೆಟ್ಟಿಗೆ ತಾನೇ ಜವಾಬು ಕೊಡುವ ಹಾಗೆ ಇಟ್ಟು ಹೋಗಿದ್ದರು. ತಕರಾರಿನ ನಕಲು ಅವರಿಗೆ ಹೋದಾಗಲೂ ಅದೇ ಜವಾಬು. ಆ ಜವಾಬನ್ನು ಯಂತ್ರ ಹೊಸ ತಕರಾರು ಎಂದು ತಿಳಿದು, "ನಿಮ್ಮ ತಕರಾರು ಮುಟ್ಟಿದೆ," ಎಂದು ತಿರುಗಿ ಬರೆಯುತ್ತಿತ್ತು. ಅದಕ್ಕೆ ಸಾಹೇಬರ ಪೆಟ್ಟಿಗೆ ಮತ್ತೆ, "ನಾನು ರಜೆಯಲ್ಲಿದ್ದೇನೆ."

ಅಯ್ಯಮ್ಮ ರೊಟ್ಟಿ ಮುರಿಯುತ್ತ ಕೇಳಿಸಿಕೊಂಡಳು. "ಬೀಗರಿಬ್ಬರು ಬಾಗಲದಾಗ ನಿಂತು ನೀವ ಮೊದಲ, ನೀವ ಮೊದಲ ಅಂದಂಗಾತು. ಒಳಗ ಬರಾವರ ಯಾರು? ಜವಾಬಿಗೆ ಜವಾಬ ಕೊಡಬ್ಯಾಡ ಅಂತ ಹೇಳು ಅದಕ್ಕ."

ಪ್ರವೀಣ ನಗುತ್ತ ಎದ್ದು ಹೋಗಿ ಅದೇ ಮಾತನ್ನು ಯಂತ್ರದ ಭಾಷೆಯಲ್ಲಿ ಬರೆದ. ಒಂಬೈನೂರರ ಗದ್ದಲ ನಿಂತಿತು. "ನಿನ್ನಂಥಾ ಇಂಜಿನಿಯರ ಯಾದಗಿರ್ಯಾಗ ಇಲ್ಲ ದೊಡ್ಡವ್ವ," ಎಂದ. ಅವಳಿಗೆ ಆ ಮಾತು ಎರಡು ದಿನ ಸಾಕಾಯಿತು.

ಆಗಲೇ ಅವಳು ತನ್ನ ರಿವಾಜನ್ನು ಹೇಳಿದ್ದು. ಹಾಕಿದವರೇ ಕೀಳಬೇಕು. ಪ್ರವೀಣ ಒಪ್ಪಿದ. ಕೆಲಸ ಆದ ಮೇಲೆ, "ನೀರು ಬಂತೇ?" ಎಂದು ತಕರಾರು ಹಾಕಿದವರಿಗೇ ಮೇಲ್ ಹೋಗಬೇಕು. ಅವರು, "ಆಯಿತು," ಎಂದು ಬರೆದರೆ ಮಾತ್ರ ಟಿಕೆಟ್ ಮುಗಿಯಬೇಕು. ಏನೂ ಬರೆಯದವರಿಗೆ ಅಯ್ಯಮ್ಮ ಫೋನು ಹಚ್ಚಿ ಕೇಳುವುದು. ಅವಳು ಕಿವಿಯಾರೆ ಕೇಳಿದ್ದನ್ನು ಅವಳ ಹೆಸರಿನಲ್ಲಿ ಮುಗಿಸುವುದು.

"ನಿನ್ನ ಹೆಸರ ಹಾಕಲ್ಯಾ?" ಎಂದು ಕೇಳಿದ.

"ಹಾಕಪ್ಪ. ಅದರಾಗೇನೈತಿ," ಎಂದಳು. ಪರದೆಯ ಮೇಲೆ, "ವಿಚಾರಿಸಿದವರು: ಅಯ್ಯಮ್ಮ, ಸುರಪುರ," ಎಂದು ಮೂಡಿದಾಗ ಅವಳು ಎದ್ದು ಹತ್ತಿರ ಹೋಗಿ ಒಂದೊಂದೇ ಅಕ್ಷರ ಬೆರಳಿನಿಂದ ಮುಟ್ಟಿ ಓದಿದಳು. ಅವಳ ಹೆಸರು ಪಡಿತರ ಚೀಟಿ ಬಿಟ್ಟರೆ ಬೇರೆಲ್ಲೂ ಅಚ್ಚಾಗಿರಲಿಲ್ಲ.

ಗೋಡೆಗೆ ಸುಣ್ಣ ಹೊಡೆಯುವವರು ಬಂದಾಗ ಮೊಳೆಗಳನ್ನು ಅವಳೇ ಕಿತ್ತಳು. ಕಕ್ಕೇರಾ ಸಾಲು ಮೊದಲು, ಶಹಾಪುರ ಸಾಲು ಕಡೆಗೆ. ಅರವತ್ತೊಂದು ಡಬ್ಬಿಗೆ ಹೋದವು. ಒಂದಕ್ಕೆ ಕ್ಯಾಲೆಂಡರ್ ತೂಗುಹಾಕಿದ್ದರಿಂದ ಅದು ಉಳಿಯಿತು.

ಮೊದಲ ಎರಡು ತಿಂಗಳು ಎಲ್ಲ ಮಾತಾಡಿದಂತೆಯೇ ನಡೆಯಿತು. ಜವಾಬು ಬರೆಯದವರಿಗೆ ಅವಳು ಫೋನು ಹಚ್ಚಿ ಕೇಳುತ್ತಿದ್ದಳು. ಆಮೇಲೆ ಒಂದು ದಿನ ಪ್ರವೀಣ ಯಾದಗಿರಿಯಿಂದ ಫೋನು ಮಾಡಿ, "ಇನ್ನ ನೀ ಫೋನ್ ಹಚ್ಚೂದ ಬ್ಯಾಡ ದೊಡ್ಡವ್ವ. ಕೇಳೂದ ಎಲ್ಲಾ ಯಂತ್ರಕ್ಕ ಕೊಟ್ಟೇನಿ. ನೀ ಆರಾಮ ಕೂಡು," ಎಂದ. ಅವಳಿಗೆ ಸ್ವಲ್ಪ ಬೇಸರವಾಯಿತು. ಆದರೂ ಹುಡುಗ ತನ್ನ ವಯಸ್ಸು ನೋಡಿ ಹೇಳಿದ್ದಾನೆ ಎಂದುಕೊಂಡಳು.

ಕೆಲವು ದಿನಗಳಲ್ಲಿ ಜನ ಬೇರೆಯಾದಂತೆ ಕಾಣತೊಡಗಿತು. ಸಂತೆಯಲ್ಲಿ ಹುಣಸಗಿ ಕಡೆಯ ಹೆಂಗಸರು ಮೊದಲು ದೂರದಿಂದಲೇ ಕೂಗಿ ಕರೆಯುತ್ತಿದ್ದವರು, ಈಗ ತೊಗರಿಬೇಳೆಯ ಮೇಲೆ ಬಗ್ಗಿ ಕಾಣದವರಂತೆ ಇರುತ್ತಿದ್ದರು. ಬಸ್ಸಿನಲ್ಲಿ ಸರಿದು ಜಾಗ ಕೊಡುತ್ತಿದ್ದವರು ಸರಿಯುತ್ತಿರಲಿಲ್ಲ. ಒಬ್ಬಳು, "ಆಫೀಸಿನವರಿಗೆ ಜಾಗಾ ಬೇಕಂತ," ಎಂದು ಪಕ್ಕದವಳಿಗೆ ಹೇಳಿದ್ದು ಅವಳ ಕಿವಿಗೆ ಬಿತ್ತು. ತನ್ನದೇನು ತಪ್ಪಾಗಿದೆ ಎಂದು ಅಯ್ಯಮ್ಮ ಒಂದೊಂದೇ ದಿನವನ್ನು ಹಿಂದಕ್ಕೆ ಎಣಿಸಿ ನೋಡಿದಳು. ಸಿಗಲಿಲ್ಲ.

ಒಂದು ಗುರುವಾರ ಹನ್ನೊಂದು ಗಂಟೆಯ ಬಸ್ಸಿಗೆ ಮದೀನಾಬೀ ಬಂದಳು. ಕಕ್ಕೇರಾದಿಂದ ಆಚೆಯ ಒಂದು ದೊಡ್ಡಿಯವಳು. ಕಕ್ಕೇರಾ ಸಾಲಿನಲ್ಲಿ ಎಲ್ಲಕ್ಕಿಂತ ಮೇಲಿನ ಮೊಳೆ ಅವಳ ದೊಡ್ಡಿಯದಾಗಿತ್ತು. ಹದಿನೆಂಟು ವರ್ಷದಲ್ಲಿ ನಲವತ್ತು ಚೀಟಿಯಾದರೂ ಹಾಕಿಸಿ ಕಿತ್ತವಳು. ಒಳಗೆ ಬಂದವಳು ಕೂಡಲಿಲ್ಲ. ಸುಣ್ಣ ಹೊಡೆದ ಗೋಡೆ ನೋಡಿದಳು.

"ಬಾ ಮದೀನಾಬೀ, ಕೂಡು. ನೀರ ಕುಡಿ," ಎಂದಳು ಅಯ್ಯಮ್ಮ.

"ನೀರ ಕುಡಿ ಅಂತಿ. ನಿಮ್ಮಲ್ಲಿ ಐತಿ, ಕುಡಿಬೇಕು."

"ಯಾಕವಾ?"

"ನಮ್ಮಲ್ಲಿ ನೀರ ಬರಲಾರದ ಹನ್ನೊಂದ ದಿನಾತು. ಕಾಲುವಿ ನೀರ ಕುಡಿಯಾಕತ್ತೇವಿ. ಸೊಸಿ ಕೊಡ ಹೊತ್ತು ಕಾಲುವಿ ಪಾವಟಿಗಿ ಹತ್ತೂ ಮುಂದ ಜಾರಿ ಬಿದ್ದು ಕೈ ಮುರಕೊಂಡಾಳ."

"ತಕರಾರ ಹಾಕಬೇಕಿಲ್ಲೊ? ಸೊಸಿಗೆ ಬರಿಯಾಕ ಬರತೈತಲ್ಲ."

ಮದೀನಾಬೀ ಸೆರಗಿನೊಳಗಿಂದ ಸೊಸೆಯ ಫೋನು ತೆಗೆದು ಮೇಜಿನ ಮೇಲೆ ಇಟ್ಟಳು. ಇಟ್ಟದ್ದು ಮೆಲ್ಲಗೆ. "ಮೂರು ಸಲ ಹಾಕ್ಯಾಳ. ಮೂರು ಸಲನೂ ನೀ ಮುಗಿಸಿದಿ. ಓದಿ ನೋಡು."

ಅಯ್ಯಮ್ಮ ಕನ್ನಡಕ ಹಾಕಿಕೊಂಡಳು. "ನಿಮ್ಮ ತಕರಾರು ಮುಗಿದಿದೆ. ನೀರು ಬಂದಿದೆ. ವಿಚಾರಿಸಿದವರು: ಅಯ್ಯಮ್ಮ, ಸುರಪುರ." ಮುಂದಿನದೂ ಅದೇ. ಅದರ ಮುಂದಿನದೂ ಅದೇ. ಮೂರನ್ನೂ ಕೊನೆಯವರೆಗೆ ಓದಿದಳು. ಓದಲು ಬಹಳ ಹೊತ್ತು ಹಿಡಿಯಿತು, ಮದೀನಾಬೀ ಕಾದಳು.

"ನಾ ನಿನಗ ಫೋನ ಹಚ್ಚೇ ಇಲ್ಲ," ಎಂದಳು ಅಯ್ಯಮ್ಮ.

"ಅದನ್ನಾ ನಾನೂ ಹೇಳೂದು. ಹಚ್ಚಿಲ್ಲ. ಮೊದಲನೇ ಸಲ ಬಂದಾಗ ಸೊಸಿ ಅಂದ್ಳು, ತಿರಗಿ ಬರೀತೇನಿ ಅಂತ. ನಾನಾ ಬ್ಯಾಡ ಅಂದೆ. ಅಯ್ಯಮ್ಮಕ್ಕನ ಹೆಸರ ಐತಿ, ಅಕಿ ಸುಳ್ಳ ಬರಿಯಾಕಿ ಅಲ್ಲ, ಹಾದ್ಯಾಗ ಇರಬೇಕು ನೀರು, ಸಂಜಿಗೆ ಬರತೈತಿ ಅಂದೆ. ಸಂಜಿಗೆ ಬರಲಿಲ್ಲ. ಮರದಿನ ಬರತೈತಿ ಅಂದೆ." ಮದೀನಾಬೀ ಫೋನು ಎತ್ತಿ ಮತ್ತೆ ಸೆರಗಿಗೆ ಸೇರಿಸಿದಳು. "ಬ್ಯಾರೇ ಯಾರದಾರ ಹೆಸರ ಇದ್ದಿದ್ರ ಅವತ್ತಾ ಬಸ್ ಹತ್ತತಿದ್ನಿ ಅಕ್ಕ. ಸೊಸಿ ಕೈ ಉಳೀತಿತ್ತು."

ಅಯ್ಯಮ್ಮ ಎದ್ದು ನಿಂತಳು. ವಾಲ್ವ್ ಕೆಲಸದ ಪಂಪಣ್ಣ ಹೊರಗೆ ಬೇವಿನ ಕೆಳಗೆ ಮೋಟರ್ ಸೈಕಲ್ ಒರೆಸುತ್ತಿದ್ದ. ಅವನನ್ನು ಕರೆದಳು.

"ಪಂಪಣ್ಣ, ಇವರ ದೊಡ್ಡಿಗೆ ಯಾವಾಗ ಹೋಗಿದ್ದಿ?"

"ಅಲ್ಲೇನೂ ತಕರಾರ ಬಾಕಿ ಇಲ್ಲಲ್ಲ ಬೇ," ಎಂದ ಅವನು. "ನನ್ನ ಫೋನಿನ್ಯಾಗ ಬಾಕಿ ಸೊನ್ನಿ ತೋರಸತೈತಿ."

"ಬಾಕಿ ಐತಿ. ನಾ ಹೇಳಾಕತ್ತೇನಿ. ಈಗ ಹೋಗು, ಟಾಕಿ ಹಿಂದಿನ ಎರಡನೇ ವಾಲ್ವ್ ನೋಡು. ಮರಿಲಿಂಗನ ಕಾಲದಿಂದ ಅದಾ ಕಚ್ಚೂದು."

ಪಂಪಣ್ಣ ಗಾಡಿ ತೆಗೆದ. ಮದೀನಾಬೀಯನ್ನು ಅವನ ಹಿಂದೆ ಕೂರಿಸಿ ಕಳಿಸಿದಳು. ಅಯ್ಯಮ್ಮ ಮರುದಿನ ಬೆಳಿಗ್ಗೆ ಶಹಾಪುರದ ಮೇಲಿನಿಂದ ಯಾದಗಿರಿಗೆ ಹೋಗುವ ಬಸ್ಸು ಹತ್ತಿದಳು.

ದೊಡ್ಡ ಆಫೀಸಿನಲ್ಲಿ ಸರ್ವರ್ ಇಟ್ಟ ಕೋಣೆ ಸಣ್ಣದು, ಒಳಗೆ ಬಹಳ ಥಂಡಿ. ಪ್ರವೀಣ ಸ್ವೆಟರ್ ಹಾಕಿಕೊಂಡು ಕುಳಿತಿದ್ದ. ಅವಳನ್ನು ನೋಡಿ ಮುಖ ಅರಳಿಸಿ ಎದ್ದ. "ಹೇಳಬಾರದಾ ದೊಡ್ಡವ್ವ, ಬಸ್ ಸ್ಟ್ಯಾಂಡಿಗೆ ಬರತಿದ್ನಲ್ಲ."

"ಕೂಡು," ಎಂದಳು. "ನನ್ನ ಹೆಸರಿನ್ಯಾಗ ಎಷ್ಟ ಮುಗದಾವು, ಓದಿ ಹೇಳು."

ಅವನ ನಗು ಅಲ್ಲಿಗೇ ನಿಂತಿತು. "ಯಾಕ?"

"ಹೇಳು."

ಅವನು ಒತ್ತಿ ನೋಡಿದ. "ಇನ್ನೂರಾ ನಲವತ್ತೈದು."

"ನಾ ಫೋನ ಹಚ್ಚಿ ಕೇಳಿ ಹೇಳಿದ್ದು ಮೂವತ್ತೊಂದು," ಎಂದಳು ಅಯ್ಯಮ್ಮ. ಬೆರಳು ಮಡಿಸುತ್ತ ಊರುಗಳನ್ನು ಬಸ್ಸಿನ ದಾರಿಯ ಪ್ರಕಾರ ಹೇಳುತ್ತ ಹೋದಳು. ಯಾರು ಮಾತಾಡಿದರು, ಏನೆಂದರು, ಅದೂ ಸಹ. ಹನ್ನೆರಡನೆಯದಕ್ಕೆ ಪ್ರವೀಣ ಸಾಕು ಎಂದ. ಅವಳು ನಿಲ್ಲಿಸಲಿಲ್ಲ. ಮೂವತ್ತೊಂದೂ ಹೇಳಿ ಮುಗಿಸಿದಳು. "ಉಳಿದ ಇನ್ನೂರಾ ಹದಿನಾಲ್ಕು ಮಂದೀನ ಯಾರ ಕೇಳಿದ್ರು?"

"ಯಾರೂ ಕೇಳಿಲ್ಲ." ಅವನು ತಗ್ಗಿದ ದನಿಯಲ್ಲಿ ಹೇಳಿದ. "ಸೋಮವಾರಕ್ಕೊಮ್ಮೆ ಮೀಟಿಂಗ್ ಇರತೈತಿ. ಬಾಕಿ ಸೊನ್ನಿ ಇರಬೇಕು ಅಂತಾರ ವಿಶ್ವರಾಧ್ಯ ಸಾಹೇಬರು. ಮಂದಿ ಆಯಿತು ಅಂತ ಬರ್ಯಾಂಗಿಲ್ಲ, ನೀರ ಬಂದ ಮ್ಯಾಲ ಯಾರಿಗೆ ನೆನಪಿರತೈತಿ. ಅದಕ್ಕ ಎರಡ ದಿನ ಆದ ತಕ್ಷಣ ತಾನಾ ಮುಗಿಯೂ ಹಂಗ ಇಡು ಅಂದ್ರು. ಇಟ್ಟೆ. ಒಂದಾ ಸಾಲು ದೊಡ್ಡವ್ವ. ನಾ ಒಂದಾ ಸಾಲು ಬರದೇನಿ."

"ನೀರ ಬಂದ್ರೂ, ಬರದಿದ್ರೂ?"

"ಹೂಂ."

"ನನ್ನ ಹೆಸರ ಯಾಕ ಹಾಕಿದಿ?"

ಪ್ರವೀಣ ಪರದೆಯನ್ನೇ ನೋಡುತ್ತ ಹೇಳಿದ.

"ಮೊದಲ ಸಾಹೇಬರ ಹೆಸರ ಹಾಕಿ ನೋಡಿದ್ವಿ. ಮುಗದೈತಿ ಅಂತ ಹೋದ ಕೂಡಲೇ ಮಂದಿ ತಿರಗಿ ಬರಿಯಾಕತ್ತಿದ್ರು, ಎಲ್ಲಿ ಮುಗದೈತಿ, ಬಂದ ನೋಡ್ರಿ ಅಂತ. ತಿರಗಿ ಬರದ್ರ ಟಿಕೆಟ್ ಮತ್ತ ತೆರೀತೈತಿ, ಬಾಕಿ ಏರತೈತಿ. ಆಮ್ಯಾಲ ನಿನ್ನ ಹೆಸರ ಹಾಕಿದೆ."

"ಹಾಕಿದ ಮ್ಯಾಲ?"

"ಯಾರೂ ತಿರಗಿ ಬರೀಲಿಲ್ಲ."

ಅಯ್ಯಮ್ಮ ಸೆರಗು ಹೊದ್ದುಕೊಂಡಳು. ಈ ಕೋಣೆಯಲ್ಲಿ ಇಷ್ಟು ಥಂಡಿ ಇರುತ್ತದೆಂದು ಇವನು ಎಂದೂ ಹೇಳಿರಲಿಲ್ಲ. ಸರ್ವರಿಗೆ ಭರೋಸಾ ಬರಬೇಕು, ಸುಳ್ಳು ಕಾಗದ ಒಂದೂ ಹೋಗಬಾರದು ಎಂದು ಇವನೇ ತನ್ನ ಅಡುಗೆಮನೆಯಲ್ಲಿ ಕುಳಿತು ಹೇಳಿದ್ದ. ಯಂತ್ರದ ಹೆಸರನ್ನು ಅಷ್ಟು ಜೋಪಾನ ಮಾಡಿದವನಿಗೆ ತನ್ನ ಹೆಸರಿನ ಬೆಲೆಯೂ ಗೊತ್ತಿತ್ತು. ಗೊತ್ತಿದ್ದೇ ಹಾಕಿದ್ದ. ಗೊತ್ತಿಲ್ಲದೆ ಮಾಡಿದ್ದರೆ ಅವಳು ಬೈದು ಬಿಟ್ಟುಬಿಡುತ್ತಿದ್ದಳು.

"ಮದೀನಾಬೀ ಸೊಸಿ ಕೈ ಮುರದೈತಿ," ಎಂದಳು. "ನನ್ನ ಹೆಸರ ನೋಡಿ ಕುಂತಾರ ಅವರು."

ಅವನು ಸ್ವೆಟರಿನ ತೋಳು ಎಳೆದುಕೊಂಡ.

"ತಗಿ ನನ್ನ ಹೆಸರ."

"ನಾ ಹಂಗ ತಗಿಯಾಕ ಬರಂಗಿಲ್ಲ. ಏನ ಬದಲಿ ಮಾಡಬೇಕಂದ್ರೂ ಟಿಕೆಟ್ ಇರಬೇಕು, ಸಾಹೇಬರು ಒಪ್ಪಬೇಕು. ನೀ ಒಂದು ತಕರಾರ ಹಾಕು. ನಾ ಅದನ್ನ ಹಿಡಕೊಂಡು ಸಾಹೇಬರ ಮುಂದ ಮಾತಾಡ್ತೇನಿ. ನನ್ನ ಮ್ಯಾಲ ಭರೋಸಾ ಇಡು ದೊಡ್ಡವ್ವ."

ಬಸ್ ಸ್ಟ್ಯಾಂಡಿನವರೆಗೆ ಬರುತ್ತೇನೆಂದ. ಅವಳು ಬೇಡವೆಂದಳು.

ಬಸ್ಸಿನಲ್ಲೇ ಪಂಪಣ್ಣನ ಫೋನು ಬಂತು. ಎರಡನೆಯ ವಾಲ್ವೇ ಕಚ್ಚಿತ್ತು, ನಿನ್ನೆ ಸಾಮಾನು ಸಿಗಲಿಲ್ಲ, ಇವತ್ತು ಬಿಚ್ಚಿ ಸರಿಮಾಡಿದೆ, ದೊಡ್ಡಿಗೆ ನೀರು ಹೋಯಿತು ಎಂದ. ಒಂದು ಗಂಟೆಯ ಕೆಲಸ. ಅದಕ್ಕೆ ಹನ್ನೆರಡು ದಿನ.

ಸುರಪುರದಲ್ಲಿ ಇಳಿದು, ಆಫೀಸಿನ ಮೆಟ್ಟಿಲ ಮೇಲೆ ಕುಳಿತು ಅಯ್ಯಮ್ಮ ತನ್ನ ಫೋನಿನಲ್ಲಿ ತಕರಾರು ಬರೆದಳು. ಯಾರಿಗೂ ಬರೆಯಲು ಕೊಡಲಿಲ್ಲ. ಒತ್ತಕ್ಷರ ಸಿಗದಾಗ ಅಳಿಸಿ ಮತ್ತೆ ಹುಡುಕಿದಳು. "ನನ್ನ ಹೆಸರಿನಲ್ಲಿ ಯಾರ ತಕರಾರೂ ಮುಗಿಸಬೇಡಿರಿ. ಮುಗಿಸಿದ ಇನ್ನೂರಾ ಹದಿನಾಲ್ಕು ತಿರುಗಿ ತೆರೆಯಿರಿ. ಅಯ್ಯಮ್ಮ, ಸುರಪುರ." ಕಳಿಸಿದ ಕೂಡಲೇ ಜವಾಬು ಬಂತು. ತಕರಾರು ಮುಟ್ಟಿದೆ, ನಂಬರು ಐದು ಸಾವಿರದ ನೂರಾ ಹದಿನೇಳು. ಆ ನಂಬರನ್ನು ಅವಳು ಕ್ಯಾಲೆಂಡರಿನ ಮೇಲೆ ಬರೆದುಕೊಂಡಳು. ಪ್ರವೀಣ ಮಾತಾಡುತ್ತೇನೆ ಅಂದಿದ್ದಾನೆ. ಮೂರು ವರ್ಷ ಕೈಯಾರೆ ಉಣಿಸಿದ ಹುಡುಗ. ಶನಿವಾರ ಕಾದಳು. ಭಾನುವಾರವೂ ಕಾದಳು.

ಭಾನುವಾರ ಸಂಜೆ ಫೋನು ಸದ್ದು ಮಾಡಿತು. ಕನ್ನಡಕ ಹಾಕಿಕೊಂಡು ಬೆಳಕಿಗೆ ಬಂದು ಓದಿದಳು.

"ನಿಮ್ಮ ತಕರಾರು 5117 ಮುಗಿದಿದೆ. ನೀರು ಬಂದಿದೆ. ವಿಚಾರಿಸಿದವರು: ಅಯ್ಯಮ್ಮ, ಸುರಪುರ."

ಇನ್ನೊಮ್ಮೆ ಓದಿದಳು. ಅಕ್ಷರ ತಪ್ಪಿ ಓದಿದೆನೇ ಎಂದು ಮೂರನೆಯ ಸಲ ಬೆರಳಿಟ್ಟು ಓದಿದಳು. ತಪ್ಪಿರಲಿಲ್ಲ. ಎರಡು ದಿನ ಆಗಿತ್ತು, ಮರುದಿನ ಸೋಮವಾರದ ಮೀಟಿಂಗ್ ಇತ್ತು.

ಸೋಮವಾರ ಬೆಳಿಗ್ಗೆ ಕಸ ಹೊಡೆದು, ನೀರು ತುಂಬಿಟ್ಟು, ಮೊಳೆಯ ಡಬ್ಬಿ ಇಳಿಸಿದಳು. ಅರೆಯುವ ಗುಂಡುಕಲ್ಲು ಮನೆಯಿಂದಲೇ ತಂದಿದ್ದಳು. ಹೊಸ ಸುಣ್ಣದ ಮೇಲೆ ಕಕ್ಕೇರಾ ಸಾಲು ಮೊದಲು ಹೊಡೆದಳು. ಸದ್ದಿಗೆ ಪಂಪಣ್ಣ ಒಳಗೆ ಬಂದ.

"ಗ್ವಾಡಿ ಹಾಳಾಗತೈತಿ ಬೇ. ಸಾಹೇಬರು ಬೈತಾರ."

"ಬೈಲಿ. ನನ್ನ ಮುಂದ ನಿಂತು ಬೈತಾರಲ್ಲ, ಅದಾದರೂ ಖರೇ ಇರತೈತಿ."

ಅವನು ಸ್ವಲ್ಪ ಹೊತ್ತು ನೋಡಿ, ಮೇಲಿನ ಮೊಳೆಗಳು ಎಟುಕುವುದಿಲ್ಲವೆಂದು ಕುರ್ಚಿ ತಂದು ಹಿಡಿದು ನಿಂತ. ಮಧ್ಯಾಹ್ನದ ಹೊತ್ತಿಗೆ ಅರವತ್ತೊಂದೂ ತಮ್ಮ ಜಾಗಕ್ಕೆ ಬಂದವು. ಆಮೇಲೆ ಅಯ್ಯಮ್ಮ ಒಂದು ಚೀಟಿ ಹರಿದುಕೊಂಡಳು. ವಾಲ್ವಿಗೆ ಗುರುತಿತ್ತು, ಪೈಪಿಗೆ ಗುರುತಿತ್ತು, ಟಾಕಿಗೆ ಇತ್ತು. ಈ ತಕರಾರಿಗೆ ಅವಳ ಹತ್ತಿರ ಗುರುತು ಇರಲಿಲ್ಲ. ತನ್ನ ಹೆಸರನ್ನೇ ಪೂರ್ತಿಯಾಗಿ ಬರೆದು, ಕ್ಯಾಲೆಂಡರ್ ತೆಗೆದು ಆ ಮೊಳೆಗೆ ಚುಚ್ಚಿದಳು.

ಗುರುವಾರ ಮದೀನಾಬೀ ಸೊಸೆಯ ಕೈ ತೋರಿಸಲು ಆಸ್ಪತ್ರೆಗೆ ಬಂದವಳು ಆಫೀಸಿಗೆ ಹಣಿಕಿದಳು. ಗೋಡೆ ನೋಡಿ, ಮೇಲಿನ ಮೊಳೆಯಲ್ಲಿ ತನ್ನ ದೊಡ್ಡಿಯ ಚೀಟಿ ಕಂಡಳು. ಗುಂಡಗೆ ಬರೆದು ಅಡ್ಡಗೆರೆ, ಸೋಮವಾರವೇ ಅಯ್ಯಮ್ಮ ಬರೆದು ಚುಚ್ಚಿದ್ದು.

"ನೀರ ಬಂದು ವಾರ ಆತಲ್ಲ. ಇನ್ನೂ ಯಾಕ ಇಟ್ಟಿ?"

"ನಿನ್ನ ಚೀಟಿ. ನಾ ಹೆಂಗ ಕೀಳಲಿ?"

ಮದೀನಾಬೀ ಕುರ್ಚಿ ಹತ್ತಿ ಚೀಟಿ ಕಿತ್ತು ಡಬ್ಬಿಗೆ ಹಾಕಿದಳು. ಇಳಿದು ಕುಳಿತಳು. "ನೀರ ಕೊಡು," ಎಂದಳು. ಕುಡಿದ ಮೇಲೆ, "ಸೊಸಿ ಇನ್ನೂ ನಿನ್ನ ಹೆಸರ ಕೇಳಿದ್ರ ಸಿಟ್ಟಿಗೆ ಬರತಾಳ. ನಾ ಹೇಳೇನಿ, ಅಕಿ ಕೇಳಂಗಿಲ್ಲ," ಎಂದಳು.

"ಇರಲಿ," ಎಂದಳು ಅಯ್ಯಮ್ಮ. "ಅಕಿ ಸಿಟ್ಟ ಅಕೀದು."

ಇನ್ನೂರಾ ಹದಿನಾಲ್ಕರಲ್ಲಿ ಮದೀನಾಬೀಯದು ಮೂರು. ಉಳಿದವರಿಗೆ ಅಯ್ಯಮ್ಮ ಈಗ ರಜೆಯ ದಿನ ಒಂದೊಂದು ದಾರಿ ಹಿಡಿದು ಹೋಗಿ, ಬಾಗಿಲಲ್ಲಿ ನಿಂತು, ಅದು ನಾನು ಬರೆದದ್ದಲ್ಲ ಎಂದು ಹೇಳಿ ಬರುತ್ತಾಳೆ. ಕೆಲವರು ಒಳಗೆ ಕರೆಯುತ್ತಾರೆ. ಕೆಲವರು, "ನಿನ್ನ ಅಕ್ಕನ ಮಗನೋ ತಂಗಿ ಮಗನೋ ಅಂತಲ್ಲ, ನಿನಗ ಗೊತ್ತಿಲ್ಲದ ಮಾಡ್ಯಾನೇನು?" ಎನ್ನುತ್ತಾರೆ. ಅವಳು ಮುಂದಿನ ಬಾಗಿಲಿಗೆ ಹೋಗುತ್ತಾಳೆ. ಯಾದಗಿರಿಯ ಪರದೆಯ ಮೇಲೆ ಬಾಕಿ ಈಗಲೂ ಸೊನ್ನೆಯೇ ಇದೆಯಂತೆ.

ಮೂರು ವಾರದ ಮೇಲೆ ಪ್ರವೀಣ ಸುರಪುರಕ್ಕೆ ಬಂದ. ಸಾಹೇಬರ ಮುಂದೆ ಮಾತಾಡಲು ಹೊತ್ತು ಸಿಗಲಿಲ್ಲ ಎಂದ. ಬರುವ ತಿಂಗಳು ಖಂಡಿತ ಎಂದ. ಅಯ್ಯಮ್ಮ ಫೋನಿನಲ್ಲಿ ಹುಣಸಗಿ ಕಡೆಯವರ ಹತ್ತಿರ ಮಾತಾಡುತ್ತಿದ್ದಳು, ಮುಗಿಸಿಯೇ ತಿರುಗಿದಳು. ಅವನು ಗೋಡೆಯ ಹತ್ತಿರ ಹೋಗಿ ನಿಂತು ಕ್ಯಾಲೆಂಡರ್ ಮೊಳೆಯ ಚೀಟಿ ಓದುತ್ತಿದ್ದ. ಓದುವುದಕ್ಕೇನೂ ಬಹಳ ಇರಲಿಲ್ಲ, ಒಂದೇ ಹೆಸರು. ಕೈ ಎತ್ತಿ ಚೀಟಿಯ ಅಂಚು ಮುಟ್ಟಿದ.

ಅವಳು ನೋಡಿದಳು. ಅವನು ಕೈ ಇಳಿಸಿದ.

ಮಧ್ಯಾಹ್ನ ಎರಡರ ಬಿಸಿಲು. ಅವನು ಬೆಳಿಗ್ಗೆ ಯಾದಗಿರಿ ಬಿಟ್ಟವನು ಹಸಿದಿದ್ದ, ಅದು ಅವನ ಮುಖದಲ್ಲೇ ಕಾಣುತ್ತಿತ್ತು. ಅವಳ ಡಬ್ಬಿಯಲ್ಲಿ ಎರಡು ರೊಟ್ಟಿ, ಪುಂಡಿಪಲ್ಲೆ ಇತ್ತು. ಅವನು ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತ, ಅವಳು ಕೇಳುವ ಆ ಒಂದು ಮಾತಿಗೆ ಕಾದವನ ಹಾಗೆ. ಅಯ್ಯಮ್ಮ ಹೊಸ ಚೀಟಿ ತೆಗೆದುಕೊಂಡು ಗೆರೆ ಎಳೆದು, ಕೆಳಗೆ ಮೂರು ಚುಕ್ಕೆ ಇಟ್ಟಳು. ಹುಣಸಗಿ ದಾರಿಯಲ್ಲಿ ನಾಲ್ಕನೆಯ ಊರು. ಎದ್ದು ಹೋಗಿ ನಡುವಿನ ಸಾಲಿನ ನಾಲ್ಕನೆಯ ಮೊಳೆಗೆ ಅದನ್ನು ಚುಚ್ಚಿ ಬರುವಷ್ಟರಲ್ಲಿ ಅವನು ಹೋಗಿದ್ದ.